ಲೆಕ್ಕದ ಗಂಟು ಹೊತ್ತವರು ನಾವು, ಬಿಚ್ಚುವವರೂ ನಾವೇ

ಹ್ಯಾಂಡ್‌ಪೋಸ್ಟ್ ಎಂದರೆ ಕೈಮರ. ದಾರಿ ಕವಲಾಗುವಲ್ಲಿ ಒಂದು ಕಂಬ ನೆಟ್ಟು, ಈ ಊರು ಈ ಕಡೆ, ಆ ಊರು ಆ ಕಡೆ ಎಂದು ಹಲಗೆಯ ಕೈ ಚಾಚಿಸಿ ನಿಲ್ಲಿಸುತ್ತಿದ್ದರಲ್ಲ, ಅದು. ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದೇ ಒಂದು ಊರಿನ ಹೆಸರಾಗಿ ಕೂತಿದೆ. ಮೈಸೂರಿನಿಂದ ಬಂದ ದಾರಿ ಇಲ್ಲಿ ಒಡೆದು ಕೋಟೆ ಕಡೆಗೊಂದು, ಸರಗೂರು ಕಡೆಗೊಂದು ಆಗುತ್ತದೆ. ಟೀ ಅಂಗಡಿಯ ಮುಂದೆ ಅರ್ಧ ಗಂಟೆ ಕೂತರೆ ಸಾಕು, ಸಿಮೆಂಟು, ಎಂ-ಸ್ಯಾಂಡು, ಕಬ್ಬಿಣ ಹೇರಿಕೊಂಡ ಲಾರಿ, ಟ್ರ್ಯಾಕ್ಟರುಗಳು ಒಂದರ ಹಿಂದೊಂದು ತಿರುಗುವುದನ್ನು ಕಾಣಬಹುದು. ಅವುಗಳಲ್ಲಿ ಕೆಲವು ನಮ್ಮ ಹೆಸರಿನಲ್ಲಿ ಹೊರಟ ಲೋಡುಗಳು. ಯಾವುದು ನಮ್ಮ ಕೇರಿಗೆ ತಿರುಗಿತು, ಯಾವುದು ಇನ್ಯಾರದೋ ಮಹಡಿ ಮನೆಗೆ ತಿರುಗಿತು ಎಂದು ತೋರಿಸುವ ಕೈ ಮಾತ್ರ ಯಾವ ಕಂಬಕ್ಕೂ ಇಲ್ಲ.

ನಾವು ಈ ತಾಲ್ಲೂಕಿನ ಕೇರಿಯವರು. ನಮ್ಮ ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಮುಗಿಸಿದವರು. ಪದ್ಯ ಬರೀತಾರಂತೆ ಕನ್ರಪ್ಪೋ ಎಂದು ನಮ್ಮ ಬಗ್ಗೆ ಊರಿನವರು ನಗುವುದೂ ಉಂಟು. ನಗಲಿ. ಈ ಸಂಚಿಕೆಗೆ ಪದ್ಯ ಕಳಿಸುತ್ತಿಲ್ಲ, ಲೆಕ್ಕ ಕಳಿಸುತ್ತಿದ್ದೇವೆ.

ಅಂಬೇಡ್ಕರ್ ನಿವಾಸ ಯೋಜನೆಯಲ್ಲಿ ನಮ್ಮ ಅವ್ವನ ಹೆಸರಿಗೆ ಮನೆ ಮಂಜೂರಾಯಿತು. 1 ಲಕ್ಷದ 75 ಸಾವಿರ. ನಾಕು ಕಂತು. ಪಾಯ ಎದ್ದ ಮೇಲೆ ಒಂದು, ಗೋಡೆ ಲಿಂಟಲ್ ಮಟ್ಟಕ್ಕೆ ಬಂದ ಮೇಲೆ ಒಂದು, ಛಾವಣಿ ಆದ ಮೇಲೆ ಒಂದು, ಎಲ್ಲ ಮುಗಿದ ಮೇಲೆ ಕೊನೆಯದು. ಗಮನಿಸಿ: ಮೊದಲು ಕಟ್ಟಬೇಕು, ಆಮೇಲೆ ದುಡ್ಡು. ಪಾಯಕ್ಕೆ ನಾಕು ಲೋಡು ಕಲ್ಲು ಹಾಕಿಸುವ ತ್ರಾಣ ಇಲ್ಲ ಅಂತಲೇ ಬಡವರ ಪಟ್ಟಿಗೆ ಹೆಸರು ಸೇರಿಸಿದವರು, ಪಾಯ ಎಬ್ಬಿಸಿ ತೋರಿಸು ಆಮೇಲೆ ಕೊಡ್ತೀವಿ ಅನ್ನುತ್ತಾರೆ. ಅವ್ವ ಸಂಘದಲ್ಲಿ ಸಾಲ ಎತ್ತಿದಳು. ಕಿವಿಯದು ಬಿಚ್ಚಿ ಅಡವಿಟ್ಟಳು. ಪಾಯ ಎದ್ದಿತು.

ಪಂಚಾಯ್ತಿಯಿಂದ ಒಬ್ಬ ಹುಡುಗ ಮೊಬೈಲು ಹಿಡಕೊಂಡು ಬಂದ. “ಅಮ್ಮೋ, ಒಸಿ ಈ ಕಡೆ ನಿಂತ್ಕೊ, ಪಾಯ ಕಾಣ್ಬೇಕು.” ಅವ್ವ ಸೆರಗು ಸರಿ ಮಾಡಿಕೊಂಡು ನಿಂತಳು. ನೆಟ್‌ವರ್ಕ್ ಇಲ್ಲ. ಮಾರನೆ ವಾರ ಇನ್ನೊಂದು ಸಲ. ಜಿಪಿಎಸ್ ತಪ್ಪು ತೋರಿಸ್ತಾ ಅದೆ. ಮತ್ತೆ ಬಂದ. ಮನೆ ಮುಗಿಯುವ ಹೊತ್ತಿಗೆ ನಾವು ಲೆಕ್ಕ ಇಟ್ಟಂತೆ ಹನ್ನೊಂದು ಸಲ ಅವ್ವ ತನ್ನ ಮನೆಯ ಮುಂದೆ ನಿಂತಳು. “ಟೇಸನ್ನಲ್ಲಿ ಕಳ್ರ ಪೋಟ ತೆಗೀತಾರಲ್ಲ ಮೊಗಾ, ಅಂಗೆ ನಿಂತಿದ್ದೆ ಕನಪ್ಪಾ” ಎಂದಳು. ನಾವು ಎಂ.ಎ.ಯಲ್ಲಿ ಓದಿದ ಯಾವ ಪುಸ್ತಕವೂ ಈ ದೇಶದ ಲೆಕ್ಕ ತಪಾಸಣೆಯನ್ನು ಇಷ್ಟು ಸರಿಯಾಗಿ ವಿವರಿಸಿಲ್ಲ.

ನಮ್ಮ ತಕರಾರು ಫೋಟೋ ತೆಗೆದರಲ್ಲಾ ಎಂದಲ್ಲ. ಸಾರ್ವಜನಿಕ ಹಣ, ನೋಡಲಿ. ಸಾವಿರ ಸಲ ನೋಡಲಿ. ಆದರೆ ಆ ಹಣ ಬೆಂಗಳೂರಿನಿಂದ ಹೊರಟು ಅವ್ವನ ಪಾಸ್‌ಬುಕ್ಕಿಗೆ ಬರುವ ತನಕ ಎಷ್ಟು ಮೇಜು ದಾಟಿತು, ಎಲ್ಲೆಲ್ಲಿ ಎಷ್ಟು ದಿನ ಮಲಗಿತು, ಪಟ್ಟಿಗೆ ಯಾರ ಹೆಸರು ಯಾರ ಫೋನಿನ ಮೇಲೆ ಸೇರಿತು, ಇವಕ್ಕೆ ಯಾಕೆ ಒಂದು ಫೋಟೋ ಇಲ್ಲ? ತಪಾಸಣೆಯ ಕಣ್ಣು ಯಾವಾಗಲೂ ಕೆಳಗೇ ನೋಡುತ್ತದೆ. ಮೇಲೆ ನೋಡುವ ಕಣ್ಣು ನಮ್ಮದಾಗಬೇಕು ಎಂಬುದಷ್ಟೇ ನಮ್ಮ ಮಾತು.

2019ರಲ್ಲಿ ಸರ್ಕಾರ ಬದಲಾಯಿತು. ಬಂದವರು, ಹಿಂದಿನವರ ಕಾಲದಲ್ಲಿ ಮಂಜೂರಾದ ಮನೆಗಳಲ್ಲಿ ಅಕ್ರಮ ಇದೆ, ಎಲ್ಲವನ್ನೂ ಮತ್ತೆ ಪರಿಶೀಲಿಸಬೇಕು ಎಂದು ಕಂತುಗಳನ್ನು ನಿಲ್ಲಿಸಿದರು. ರಾಜ್ಯದ ತುಂಬ ಅರ್ಧ ಗೋಡೆಗಳು ನಿಂತವು. ಬೆನ್ನ ಹಿಂದೆಯೇ 2020ರ ಲಾಕ್‌ಡೌನು. ಛಾವಣಿಯಿಲ್ಲದ ಗೋಡೆಗೆ ಮಳೆ ಹೊಡೆದು ಹೊಡೆದು ಸಿಮೆಂಟು ಇಟ್ಟಿಗೆ ಪಾಚಿ ಕಟ್ಟಿತು. ಅಕ್ರಮ ಇರಲಿಲ್ಲ ಎಂದು ನಾವು ಹೇಳುತ್ತಿಲ್ಲ. ಇತ್ತು. ಹಳೆಯ ಮನೆಗೆ ಸುಣ್ಣ ಹೊಡೆದು ಹೊಸದು ಅಂತ ಬಿಲ್ ಮಾಡಿಸಿದ್ದು, ಟ್ರ್ಯಾಕ್ಟರ್ ಇದ್ದವನು ಬಡವನಾದದ್ದು, ಒಂದೇ ಗೋಡೆ ಇಬ್ಬರ ಹೆಸರಲ್ಲಿ ಫೋಟೋ ಹಿಡಿಸಿಕೊಂಡದ್ದು, ಇವೆಲ್ಲ ನಮಗೆ ಗೊತ್ತಿರುವಷ್ಟು ವಿಧಾನಸೌಧಕ್ಕೆ ಗೊತ್ತಿಲ್ಲ. ನಮ್ಮ ಪ್ರಶ್ನೆ ಬೇರೆ. ಕಳ್ಳತನದ ಗುಮಾನಿ ಬಂದಾಗ ನಿಂತದ್ದು ಯಾವುದು? ಪಟ್ಟಿಗೆ ಸಹಿ ಹಾಕಿದವರ ಸಂಬಳ ನಿಲ್ಲಲಿಲ್ಲ. ಶಿಫಾರಸು ಮಾಡಿದವರ ಭತ್ಯೆ ನಿಲ್ಲಲಿಲ್ಲ. ಪಾಯ ತೋಡಿ ಸಾಲಗಾರಳಾಗಿ ಕೂತಿದ್ದ ಹೆಂಗಸಿನ ಕಂತು ನಿಂತಿತು.

ಇದನ್ನೇ ನೆನೆದು ಇವತ್ತೂ ನಮ್ಮ ಜನ ಬಾಯಿ ಬಿಡುವುದಿಲ್ಲ. “ಲೆಕ್ಕ ಕೇಳಿದ್ರೆ ಬರೋದೂ ನಿಂತೋದದು, ಸುಮ್ಕಿರಿ ನೀವು ಓದ್ದೋರು” ಎನ್ನುತ್ತಾರೆ. ಈ ಭಯವನ್ನು ಯಾರೂ ಸುಮ್ಮನೆ ಹುಟ್ಟಿಸಿಕೊಂಡಿಲ್ಲ. ಸರ್ಕಾರವೇ ಆದೇಶ ಹೊರಡಿಸಿ ಕಲಿಸಿದ ಭಯ ಇದು.

ಸರಿ, ಮನೆಯ ಅಳತೆಗೆ ಬರೋಣ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ್ 2016ರಲ್ಲಿ ಹೊರಟಾಗ ಬಯಲು ಸೀಮೆಯ ಮನೆಗೆ 1 ಲಕ್ಷದ 20 ಸಾವಿರ ಎಂದು ನಿಗದಿ ಮಾಡಿದರು. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು ಎಂದೂ ಬರೆದರು. ಅಂದರೆ ನಮ್ಮ ಲೆಕ್ಕದಲ್ಲಿ 269 ಚದರಡಿ, ಮೂರು ಚದರಕ್ಕೂ ಕಮ್ಮಿ. ಭಾಗಿಸಿ ನೋಡಿ: ಚದರಡಿಗೆ 446 ರೂಪಾಯಿ. ಗಾರೆ ಕೆಲಸದ ನಮ್ಮ ಚಿಕ್ಕಪ್ಪನಿಗೆ ಇದನ್ನು ಹೇಳಿದೆವು. ಅವರು ಕರಣೆ ಕೆಳಗಿಟ್ಟು ನಕ್ಕರು. “ಆ ದುಡ್ಡಿಗೆ ಪಾಯ ತುಂಬಿಸಿ ತುಳಸಿ ಕಟ್ಟೆ ಕಟ್ಕೊಡ್ತೀನಿ ಬಾ” ಎಂದರು. ಕಟ್ಟಲಾಗದ ಮೊತ್ತ ಕೊಟ್ಟು ಕಟ್ಟು ಎನ್ನುವುದೇ ಮೊದಲ ಸುಳ್ಳು ಲೆಕ್ಕ. ಉಳಿದ ಸುಳ್ಳುಗಳೆಲ್ಲ ಅದರ ಮಕ್ಕಳು. ಹಣ ಸಾಲದೆ ಬಡವ ಸಾಲಕ್ಕೆ ಬೀಳುತ್ತಾನೆ, ಇಲ್ಲವೇ ಕಂಟ್ರಾಕ್ಟರನ ಕೈಗೆ ಬೀಳುತ್ತಾನೆ.

ಕಂಟ್ರಾಕ್ಟರ್ ಎಂದ ಕೂಡಲೆ ಹಾಡಿಗಳ ಕಡೆ ಹೋಗಲೇಬೇಕು. ನಮ್ಮ ಕೇರಿಯ ಕತೆ ಅವರದರ ಮುಂದೆ ಏನೂ ಅಲ್ಲ. ಈ ತಾಲ್ಲೂಕಿನ ಜೇನುಕುರುಬರು, ಕಾಡುಕುರುಬರು ಒಂದು ಸಲ ಮನೆ ಕಳಕೊಂಡವರಲ್ಲ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ನೀರು ಒಂದು ಕಡೆಯಿಂದ ಬಂತು, ಹುಲಿ ಉಳಿಸುತ್ತೇವೆ ಎನ್ನುವ ಕಾನೂನು ಇನ್ನೊಂದು ಕಡೆಯಿಂದ ಬಂತು. ಹೈಕೋರ್ಟು ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ನಾಗರಹೊಳೆಯಿಂದ ಹೊರಬಿದ್ದ ಕುಟುಂಬಗಳ ಲೆಕ್ಕ ಇದೆ: 3,418. ಆ ಕುಟುಂಬಗಳಿಗೆಂದು, ಹಾಡಿಗಳಿಗೆಂದು ಆವತ್ತಿನಿಂದ ಎಷ್ಟು ಯೋಜನೆ, ಎಷ್ಟು ಮನೆ, ಎಷ್ಟು ಕೋಟಿ ಬಂತು? ಆ ಲೆಕ್ಕವನ್ನು ಯಾವ ಹಾಡಿಯ ಮುಂದೆಯೂ ಒಬ್ಬ ಅಧಿಕಾರಿ ಓದಿ ಹೇಳಿದ್ದನ್ನು ನಾವು ನೋಡಿಲ್ಲ.

ಇಂದಿರಾ ಆವಾಸ್ ಮಾರ್ಗಸೂಚಿಯಲ್ಲೂ ಇತ್ತು, ಪ್ರಧಾನಮಂತ್ರಿ ಆವಾಸ್ ಮಾರ್ಗಸೂಚಿಯಲ್ಲೂ ಇದೆ: ಕಂಟ್ರಾಕ್ಟರನ್ನು ಒಳಗೆ ಬಿಡಬಾರದು, ಫಲಾನುಭವಿಯೇ ಕಟ್ಟಿಕೊಳ್ಳಬೇಕು. ನಾವು ಹೋದ ಒಂದು ಹಾಡಿಯಲ್ಲಿ ಎಂಟು ಮನೆಗಳು ಒಂದೇ ಅಚ್ಚಿನಲ್ಲಿ ನಿಂತಿದ್ದವು. ಯಾರು ಕಟ್ಟಿದ್ದು ಅಜ್ಜಿ ಎಂದು ಕೇಳಿದೆವು. “ಸರ್ಕಾರದೋರು” ಎಂದರು. ಸರ್ಕಾರದವರ ಹೆಸರೇನು? ಅಜ್ಜಿಗೆ ಗೊತ್ತಿಲ್ಲ. ಬುಲೆಟ್ ಗಾಡಿಯಲ್ಲಿ ಬರುತ್ತಿದ್ದನಂತೆ. ಪಾಸ್‌ಬುಕ್ಕು ಎಲ್ಲಿ? ಅದೂ ಆತನ ಹತ್ತಿರ. ದುಡ್ಡು ಬಂದಾಗ ಬ್ಯಾಂಕಿಗೆ ಕರಕೊಂಡು ಹೋಗಿ ಹೆಬ್ಬೆಟ್ಟು ಒತ್ತಿಸಿ, ಬನ್ನು ಟೀ ಕೊಡಿಸಿ ಕರಕೊಂಡು ಬಂದು ಬಿಡುತ್ತಿದ್ದನಂತೆ. ಕಾಗದದ ಮೇಲೆ ಎಲ್ಲವೂ ಸರಿ. ಫಲಾನುಭವಿಯ ಖಾತೆ, ಫಲಾನುಭವಿಯ ಹೆಬ್ಬೆಟ್ಟು, ಫಲಾನುಭವಿಯೇ ಕಟ್ಟಿಕೊಂಡ ಮನೆ. ಒಳಗೆ ಹೋದರೆ ಗೋಡೆ ಬೆವರುತ್ತಿತ್ತು. ಕಿಟಕಿ ಮೇಲಿನ ಲಿಂಟಲ್ ಒಂದು ಮೂಲೆಯಲ್ಲಿ ಒಡೆದು ಬಾಯಿ ಬಿಟ್ಟಿತ್ತು. ಇಣುಕಿ ನೋಡಿದೆವು, ಬೆರಳಿಗಿಂತ ಸಣ್ಣ ಎರಡು ಕಂಬಿ, ತುಕ್ಕು ಹಿಡಿದವು. ಅಜ್ಜಿ ಮಲಗುತ್ತಿದ್ದದ್ದು ಮನೆ ಪಕ್ಕ ಹಾಕಿಕೊಂಡ ಗುಡಿಸಲಲ್ಲಿ. ಸರ್ಕಾರಿ ಮನೆಯಲ್ಲಿ ಸೌದೆ ಇತ್ತು.

ಇದನ್ನು ನೋಡಿ ಪಟ್ಟಣದ ಬುದ್ಧಿಜೀವಿಗಳು ಒಂದು ಮಾತು ಹೇಳುತ್ತಾರೆ: ಆದಿವಾಸಿಗಳಿಗೆ ಪಕ್ಕಾ ಮನೆ ಒಗ್ಗುವುದಿಲ್ಲ, ಅವರ ಸಂಸ್ಕೃತಿಯೇ ಬೇರೆ. ಸಂಸ್ಕೃತಿಯಲ್ಲ ಸ್ವಾಮಿ, ಕಂಬಿ. ಲಿಂಟಲ್ಲಿಗೆ ಎಷ್ಟು ಕಂಬಿ ಎಂದು ಎಸ್ಟಿಮೇಟಿನಲ್ಲಿ ಬರೆದಿತ್ತು, ಎಷ್ಟು ಬಿತ್ತು ಎಂದು ಕೇಳಿ. ಬೀಳುವ ಸೂರಿನ ಕೆಳಗೆ ಮಲಗುವ ಸಂಸ್ಕೃತಿ ಯಾವ ಜನಾಂಗಕ್ಕೂ ಇಲ್ಲ.

2023ರ ನವೆಂಬರ್ 15ರಂದು ಜಾರ್ಖಂಡಿನ ಖುಂಟಿಯಲ್ಲಿ ಪ್ರಧಾನಿಗಳು ಪಿಎಂ-ಜನ್‌ಮನ್ ಎಂಬ ಯೋಜನೆ ಶುರು ಮಾಡಿದರು. ದೇಶದ 75 ದುರ್ಬಲ ಬುಡಕಟ್ಟುಗಳಿಗೆ. ಕರ್ನಾಟಕದಲ್ಲಿ ಜೇನುಕುರುಬರು, ಕೊರಗರು. ಮನೆಗೆ 2 ಲಕ್ಷ, ಉದ್ಯೋಗ ಖಾತ್ರಿ ಕೂಲಿ 27 ಸಾವಿರ, ಶೌಚಾಲಯಕ್ಕೆ 12 ಸಾವಿರ, ಒಟ್ಟು 2 ಲಕ್ಷದ 39 ಸಾವಿರ ಎಂದು ಆಗ ಲೆಕ್ಕ ಹಾಕಿದ್ದರು. ಒಳ್ಳೆಯದು, ಹಿಂದಿನದಕ್ಕಿಂತ ಹೆಚ್ಚು. ಆದರೆ ಆ ಅಜ್ಜಿಗೆ ಈ ಮೂರು ಅಂಕಿ ಯಾರು ಹೇಳಿದ್ದಾರೆ? ಕೂಲಿಯ 27 ಸಾವಿರ ಮನೆಯವರ ಕೈಗೇ ಬರಬೇಕಾದ ದುಡ್ಡು ಎಂದು ಹಾಡಿಯಲ್ಲಿ ಎಷ್ಟು ಜನಕ್ಕೆ ಗೊತ್ತು? 2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಯಲ್ಲಿ ತಮ್ಮ ಹಿರಿಯರ ಜಾಗಕ್ಕೆ ವಾಪಸು ಹೋಗಿ ಬಿದಿರು, ಟಾರ್ಪಾಲು ಕಟ್ಟಿಕೊಂಡಾಗ ಅರಣ್ಯ ಇಲಾಖೆಯವರೂ ಪೊಲೀಸರೂ ತಡವಿಲ್ಲದೆ ಬಂದು ನಿಂತರು. ಸರ್ಕಾರದ ಒಂದು ಪೈಸೆ ಇಲ್ಲದೆ ಎದ್ದ ಗುಡಿಸಲಿನ ಗಳು ಎಣಿಸಲು ಇಷ್ಟು ಚುರುಕಾಗಿರುವ ಕಣ್ಣಿಗೆ, ಸರ್ಕಾರದ ದುಡ್ಡಲ್ಲಿ ಎದ್ದ ಮನೆಯ ಕಂಬಿ ಯಾಕೆ ಕಾಣುವುದಿಲ್ಲ!

ಈಗ ಮೇಲಕ್ಕೆ ನೋಡೋಣ. 2025ರ ಜೂನಿನಲ್ಲಿ ಆಳಂದದ ಶಾಸಕ ಬಿ.ಆರ್. ಪಾಟೀಲರು ವಸತಿ ಸಚಿವರ ಆಪ್ತ ಕಾರ್ಯದರ್ಶಿಯ ಜೊತೆ ಮಾತಾಡಿದ ಫೋನು ಹೊರಬಿತ್ತು. ದುಡ್ಡು ಕೊಟ್ಟ ಕಡೆಗೆ ಮನೆಗಳು ಹಂಚಿಕೆಯಾಗುತ್ತಿವೆ ಎಂಬುದು ಅವರ ಆರೋಪ. ಪಾಟೀಲರು ವಿರೋಧ ಪಕ್ಷದವರಲ್ಲ, ಆಳುವ ಪಕ್ಷದವರೇ. ಸಚಿವರು ಅಲ್ಲಗಳೆದರು. ನಿಜ ಸುಳ್ಳು ತನಿಖೆಗೆ ಬಿಡೋಣ. ಆದರೆ ಒಬ್ಬ ಶಾಸಕನೇ ಬಾಯಿ ಬಿಟ್ಟಾಗ ಸುದ್ದಿಯಾದ ಮಾತು, ನಮ್ಮ ಕೇರಿ ಜಗಲಿಗಳಲ್ಲಿ ಗಾದೆಯಷ್ಟು ಹಳೆಯದು.

ಇನ್ನೊಂದು, ಇದು ಮನೆಯ ದುಡ್ಡಲ್ಲ, ಆದರೆ ಅದೇ ಅಜ್ಜಿಯಂಥವರ ದುಡ್ಡು. 2024ರ ಮೇ ತಿಂಗಳಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಲೆಕ್ಕ ವಿಭಾಗದ ಅಧಿಕಾರಿಯೊಬ್ಬರು, ನಿಗಮದ 187 ಕೋಟಿ ಅಕ್ರಮವಾಗಿ ಬೇರೆ ಖಾತೆಗೆ ಹೋಗಿದೆ ಎಂದು ಬರೆದಿಟ್ಟು ಪ್ರಾಣ ಕಳೆದುಕೊಂಡರು. ಹಣ ಹೈದರಾಬಾದಿನ ಖಾತೆಗಳಲ್ಲಿ ಕಂಡಿತು. ಜೂನಿನಲ್ಲಿ ಸಚಿವ ಬಿ. ನಾಗೇಂದ್ರ ರಾಜೀನಾಮೆ ಕೊಟ್ಟರು. 187 ಅಲ್ಲ, ಹೋದದ್ದು 89 ಕೋಟಿ ಚಿಲ್ಲರೆ ಎಂದು ಸರ್ಕಾರ ತಿದ್ದಿತು. ಚಿಲ್ಲರೆಯೇ ಇರಲಿ. ಅವ್ವನ 40 ಸಾವಿರದ ಕಂತಿಗೆ ಅಕ್ಷಾಂಶ ರೇಖಾಂಶ ಸಮೇತ ಫೋಟೋ ಬೇಕಾಗಿತ್ತು. 89 ಕೋಟಿ ಮನೆ ಬಿಟ್ಟು ಹೊರಟಾಗ ಯಾವ ಮೊಬೈಲೂ ಟಿಕ್ ಅನ್ನಲಿಲ್ಲ.

ಗೆಳೆಯರೆ, ಬಾಬಾಸಾಹೇಬರನ್ನು ನಾವು ಹೋರಾಟಗಾರ ಎಂದೆವು, ಸಂವಿಧಾನ ಶಿಲ್ಪಿ ಎಂದೆವು. ಅವರು ಲೆಕ್ಕದ ಮನುಷ್ಯ ಎಂಬುದನ್ನು ಮರೆತೆವು. ರೂಪಾಯಿಯ ಸಮಸ್ಯೆಯ ಬಗ್ಗೆ 1923ರಲ್ಲಿ, ಪ್ರಾಂತ್ಯಗಳ ಹಣಕಾಸಿನ ಬಗ್ಗೆ 1925ರಲ್ಲಿ ಪುಸ್ತಕ ತಂದವರು ಅವರು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲನೇ ಸಂವಿಧಾನದಲ್ಲಿ ಬಹುಶಃ ಎಲ್ಲರಿಗಿಂತ ಮುಖ್ಯ ಅಧಿಕಾರಿ ಎಂಬರ್ಥದ ಮಾತನ್ನು 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆಯಲ್ಲಿ ಆಡಿದರು. ಆ ಮಹಾಲೇಖಪಾಲರು ಇಂದಿರಾ ಆವಾಸ್ ಮನೆಗಳ ಬಗ್ಗೆ 2014ರಲ್ಲಿ ದೊಡ್ಡ ವರದಿಯನ್ನೇ ಕೊಟ್ಟರು. ಅರ್ಹತೆ ಇಲ್ಲದವರಿಗೆ ಮನೆ ಹೋದದ್ದು, ಗುಣಮಟ್ಟ ನೋಡದೆ ಬಿಟ್ಟದ್ದು ಅದರಲ್ಲಿದೆ. ಆದರೆ ಆ ವರದಿ ಸಂಸತ್ತಿಗೆ ಹೋಯಿತೇ ಹೊರತು ಯಾವ ಕೇರಿಗೂ ಬರಲಿಲ್ಲ. ಮನೆಯೊಳಗೆ ಮಲಗುವವರು ಓದದ ಲೆಕ್ಕ ಯಾರ ಲೆಕ್ಕ?

ಓದುವ ದಾರಿ ಇಲ್ಲವೆಂದಲ್ಲ. ನಮ್ಮ ಪಂಚಾಯತ್ ರಾಜ್ ಕಾನೂನಿನಲ್ಲಿ ಜಮಾಬಂದಿ ಎಂದೊಂದಿದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯ್ತಿಯ ಹಿಂದಿನ ಸಾಲಿನ ಲೆಕ್ಕವನ್ನು ಜನರ ಮುಂದೆ ಇಟ್ಟು, ಕಾಮಗಾರಿಗಳನ್ನು ಅವರ ಎದುರೇ ನೋಡಬೇಕು. ಈ ಪದಕ್ಕೆ ನಮ್ಮ ಕೇರಿಯಲ್ಲಿ ಬೇರೆ ನೆನಪಿದೆ. ನಮ್ಮ ತಾತಂದಿರ ಕಾಲದಲ್ಲಿ ಜಮಾಬಂದಿ ಎಂದರೆ ಅಮಲ್ದಾರರು ಬರುವುದು, ಊರಿನ ಕಂದಾಯದ ಲೆಕ್ಕ ಕೇಳುವುದು. ಶಾನುಭೋಗರು ಮುಂದೆ ಮುಂದೆ, ಕಡತದ ಗಂಟು ತಲೆ ಮೇಲೆ ಹೊತ್ತ ತೋಟಿ ಹಿಂದೆ ಹಿಂದೆ. ಆ ತೋಟಿ ನಮ್ಮವನು. ತಲೆತಲಾಂತರ ಲೆಕ್ಕದ ಗಂಟು ಹೊತ್ತ ಜಾತಿ ನಮ್ಮದು, ಒಂದು ದಿನ ಅದನ್ನು ಬಿಚ್ಚಿ ಒಳಗೇನಿದೆ ಎಂದು ನೋಡಲಿಲ್ಲ. ಬಿಚ್ಚಿದ್ದರೂ ಓದಲು ಬರುತ್ತಿರಲಿಲ್ಲ. ಈಗ ಬರುತ್ತದೆ.

ಹೋದ ಸಲ ನಮ್ಮ ಕಡೆಯ ಒಂದು ಪಂಚಾಯ್ತಿಯ ಜಮಾಬಂದಿಗೆ ಹೋಗಿದ್ದೆವು. ನಲವತ್ತು ನಿಮಿಷ. ಮೊತ್ತಗಳನ್ನು ಗಡಗಡ ಓದಿದರು, ಬಿಸ್ಕತ್ತು ಹಂಚಿದರು. ಮನೆಗಳ ಎಂ.ಬಿ. ಪುಸ್ತಕ ಕೊಡಿ, ಅಳತೆ ನೋಡಬೇಕು ಎಂದೆವು. ಅದು ಇಂಜಿನಿಯರ್ ಹತ್ತಿರ ಇದೆ ಎಂದರು. ಇಂಜಿನಿಯರ್ ಎಲ್ಲಿ? ಮೀಟಿಂಗಿನಲ್ಲಿ. ಆಮೇಲೆ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಫೋಟೋ ತೆಗೆದರು, ಸಾರ್ವಜನಿಕರು ಭಾಗವಹಿಸಿದ್ದಕ್ಕೆ ಸಾಕ್ಷಿ!

ಮಾಹಿತಿ ಹಕ್ಕು ಕಾಯಿದೆ 2005ರದ್ದು. ಅದರ 2(ಜೆ) ಕಲಮನ್ನು ಮೇಷ್ಟ್ರುಗಳು ದಯವಿಟ್ಟು ಸಂಜೆ ಹೊತ್ತು ಕೇರಿಯಲ್ಲಿ ಕೂತು ಓದಿ ಹೇಳಬೇಕು. ದಾಖಲೆಯ ನಕಲು ಪಡೆಯುವುದಷ್ಟೇ ಅಲ್ಲ, ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕು ಅದರಲ್ಲಿದೆ. ಅಂದರೆ ಉದುರುವ ಗಾರೆಯ ಒಂದು ಹಿಡಿಯನ್ನು ಸರ್ಕಾರದ ಮೊಹರು ಹಾಕಿಸಿ ತೆಗೆದುಕೊಳ್ಳಬಹುದು. ಬಿಪಿಎಲ್‌ನವರಿಗೆ ಅರ್ಜಿ ಶುಲ್ಕವೂ ಇಲ್ಲ. ಈ ಕಾನೂನು ಆಕಾಶದಿಂದ ಬಿದ್ದದ್ದಲ್ಲ. 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್‌ಕಿರಾನಾ ಎಂಬ ಹಳ್ಳಿಯಲ್ಲಿ ಕೂಲಿಕಾರರು ಪಂಚಾಯ್ತಿಯ ಮಸ್ಟರ್ ರೋಲನ್ನು ಜನರ ಮುಂದೆ ಜೋರಾಗಿ ಓದಿಸಿದರು. ಕಾಗದದಲ್ಲಿ ಕೂಲಿ ಪಡೆದವರ ಹೆಸರನ್ನು, ಕೂಲಿ ಪಡೆಯದೆ ಕೂತಿದ್ದವರೇ ಕೇಳಿಸಿಕೊಂಡರು. ಅಲ್ಲಿಂದ ಹೊರಟ ಹೋರಾಟ ಇದು. ಪ್ರಧಾನಮಂತ್ರಿ ಆವಾಸ್ ಮನೆಗಳಿಗೆ ವರ್ಷಕ್ಕೊಮ್ಮೆಯಾದರೂ ಸಾಮಾಜಿಕ ಪರಿಶೋಧನೆ ಆಗಬೇಕು ಎಂದು ಮಾರ್ಗಸೂಚಿಯಲ್ಲೇ ಇದೆ. ಅದನ್ನು ಪಂಚಾಯ್ತಿ ಹಾಲಿನಲ್ಲಲ್ಲ, ಹಾಡಿಯ ಒಳಗೆ, ಆ ಮನೆಗಳ ಮುಂದೆ ಮಾಡಿ ಎಂದು ಕೇಳುತ್ತೇವೆ. ತನಿಖೆ ಎಷ್ಟು ಬೇಕಾದರೂ ಮಾಡಿ, ಆದರೆ ಮುಗಿಯುವ ತನಕ ಮನೆಯವರ ಕಂತು ನಿಲ್ಲಿಸಕೂಡದು. ಇದು ಬರಹದಲ್ಲಿ ಬೇಕು.

ಇನ್ನು ನಮ್ಮವರ ಮಾತು. ಬುಲೆಟ್ ಗಾಡಿಯಲ್ಲಿ ಬರುತ್ತಿದ್ದವನು ಯಾರು ಎಂದು ವಿಚಾರಿಸಿದೆವು. ಮೇಲುಜಾತಿಯವನಾಗಿದ್ದರೆ ಈ ಲೇಖನ ಬರೆಯುವುದು ನಮಗೆ ಸಲೀಸಾಗುತ್ತಿತ್ತು. ನಮ್ಮವನೇ. ಏಪ್ರಿಲ್ 14ಕ್ಕೆ ಎಲ್ಲರಿಗಿಂತ ದೊಡ್ಡ ಹಾರ ತರುವವನು. ಸಂಘಟನೆಯ ಹಿರಿಯರ ಹತ್ತಿರ ಹೇಳಿದೆವು. “ನಮ್ಮ ಹುಡುಗ ಒಬ್ಬ ಉದ್ಧಾರ ಆಗ್ತಾ ಅವನೆ, ಯಾಕ್ರಪ್ಪಾ ನಿಮ್ಗೆ ಹೊಟ್ಟೆಯುರಿ” ಎಂದರು. ಈ ಮಾತಿಗೆ ಎರಡು ದಿನ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕಂಟ್ರಾಕ್ಟು ನಮಗೆ ಸಿಗಬಾರದೆ? ಸಿಗಲಿ, ಹೋರಾಡಿಯೇ ಪಡೆಯೋಣ. ಆದರೆ ಜೇನುಕುರುಬರ ಅಜ್ಜಿಯ ಲಿಂಟಲ್ಲಿನಿಂದ ಕದ್ದ ಕಂಬಿಗೆ ನೀಲಿ ಬಣ್ಣ ಬಳಿದರೆ ಅದು ಉದ್ಧಾರ ಹೇಗಾಗುತ್ತದೆ? ಈ ಪುಟ ಓದಿ ಆತನಿಗೆ ಸಿಟ್ಟು ಬಂದರೆ ಬರಲಿ, ಅಜ್ಜಿಯ ಪಾಸ್‌ಬುಕ್ಕು ತಂದುಕೊಟ್ಟು ನಮ್ಮ ಹತ್ತಿರ ಜಗಳಕ್ಕೆ ಬರಲಿ.

ಈ ಸಲದ ಜಮಾಬಂದಿಗೆ ಕೇರಿಯಿಂದ, ಹಾಡಿಯಿಂದ ಜನ ಕರಕೊಂಡು ಹೋಗುತ್ತೇವೆ. ಎಸ್ಟಿಮೇಟು, ಎಂ.ಬಿ. ಪುಸ್ತಕ, ಕಂತು ಬಿಡುಗಡೆಯಾದ ತಾರೀಖು, ಫಲಾನುಭವಿಗಳ ಪಟ್ಟಿಗೆ ಒಪ್ಪಿಗೆ ಕೊಟ್ಟ ಗ್ರಾಮಸಭೆಯ ನಡಾವಳಿ, ಈ ನಾಕಕ್ಕೂ ಮುಂಚೆಯೇ ಅರ್ಜಿ ಹಾಕಿರುತ್ತೇವೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಗೆಳೆಯರೂ ತಮ್ಮ ತಮ್ಮ ಪಂಚಾಯ್ತಿಗಳಲ್ಲಿ ಹಾಕಿ. ಅಳತೆ ಟೇಪು ಹ್ಯಾಂಡ್‌ಪೋಸ್ಟಿನ ಅಂಗಡಿಯಲ್ಲೇ ಸಿಗುತ್ತದೆ, ಗಾರೆ ಕೆಲಸದ ಚಿಕ್ಕಪ್ಪ ಒಂದು ದಿನದ ಕೂಲಿ ಬಿಟ್ಟು ಬರಲು ಒಪ್ಪಿದ್ದಾರೆ.

ಅವ್ವನೂ ಬರುತ್ತಾಳಂತೆ. ಅವಳಿಗೆ ಓದು ಬರುವುದಿಲ್ಲ. “ಆ ಪುಸ್ತಕದಲ್ಲಿ ನನ್ ಹೆಸ್ರು ಎಲ್ಲಿ ಬರ್ದವ್ರೆ, ಮೊದ್ಲು ಅದ ತೋರ್ಸಿ. ಮಿಕ್ಕಿದ್ದ ಆಮ್ಯಾಕೆ ಕೇಳನ” ಎಂದಿದ್ದಾಳೆ.